ಬಸ್ ಸ್ಟಾಪಿನಲ್ಲಿ ಯಾಕೆ, ಮನೆ ಗೇಟಿಗೇ ಬರಲಿ

ಓದುಗರ ಪತ್ರ: ತುಮಕೂರಿನಿಂದ ಒಬ್ಬ ಅಜ್ಜಿ ಬರೆದಿದ್ದಾರೆ. ವಯಸ್ಸು 66, ಹೆಸರು ಹಾಕಬೇಡಿ ಎಂದಿದ್ದಾರೆ. ಮಗಳು ಅಳಿಯ ಎರಡು ವರ್ಷದ ಹಿಂದೆ ಇಬ್ಬರೂ ಒಪ್ಪಿ ವಿಚ್ಛೇದನ ತೆಗೆದುಕೊಂಡರು. ಮಗಳು ಮತ್ತು 9 ವರ್ಷದ ಮೊಮ್ಮಗ ಈಗ ಅಜ್ಜಿ ಮನೆಯಲ್ಲಿದ್ದಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಅಪ್ಪ ಬೆಂಗಳೂರಿನಿಂದ ಬಂದು ಮಗನನ್ನು ಕರೆದುಕೊಂಡು ಹೋಗುತ್ತಾರೆ, ಭಾನುವಾರ ಸಂಜೆ ತಂದು ಬಿಡುತ್ತಾರೆ. ಬೀದಿಯವರ ಕಣ್ಣಿಗೆ ಬೀಳಬಾರದು ಅಂತ ಅಜ್ಜಿಯೇ ಹುಡುಗನನ್ನು ಬಟವಾಡಿ ಬಸ್ ಸ್ಟಾಪಿಗೆ ಕರೆದುಕೊಂಡು ಹೋಗಿ ಒಪ್ಪಿಸುತ್ತಾರೆ. ಅಳಿಯ ದುಬೈನಲ್ಲಿದ್ದಾರೆ ಅಂತ ಎಲ್ಲರಿಗೂ ಹೇಳಿಯಾಗಿದೆ. "ಹುಡುಗನ ಪಾಡು ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಗಿದೆ. ಈ ಓಡಾಟ ನಿಲ್ಲಿಸು ಅಂತ ಮಗಳಿಗೆ ಹೇಳಬೇಕು. ನೀವೂ ಒಂದು ಮಾತು ಬರೆಯಿರಿ, ನಿಮ್ಮ ಮಾತಾದರೆ ಕೇಳುತ್ತಾಳೆ" ಎಂದು ಕೇಳಿದ್ದಾರೆ.

ಅಮ್ಮ, ನಮಸ್ಕಾರ.

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಮೊದಲನೇ ಸಲ ಓದಿದಾಗ ನಿಮ್ಮ ಪರ ಇದ್ದೆ, ನಾಲ್ಕನೇ ಸಲಕ್ಕೆ ಪೂರ್ತಿ ಮೊಮ್ಮಗನ ಪರ ಆಗಿಬಿಟ್ಟೆ. ಆದ್ದರಿಂದ ನೀವು ಕೇಳಿದ ಆ 'ಒಂದು ಮಾತು' ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಓಡಾಟ ನಡೆಯಲಿ. ನಿಲ್ಲಬೇಕಾದ್ದು ದುಬೈ.

ನೀವೇ ಬರೆದ ಒಂದು ಸಂಗತಿ ನೋಡಿ. ಸ್ಕೂಲಲ್ಲಿ 'ನನ್ನ ತಂದೆ' ಅಂತ ಪ್ರಬಂಧ ಬರೆಯಲು ಹೇಳಿದ್ದರು. ಹುಡುಗ ಮನೆಯಲ್ಲಿ ಹೇಳಿಕೊಟ್ಟಂತೆ, ಅಪ್ಪ ದುಬೈನಲ್ಲಿ ದೊಡ್ಡ ದೊಡ್ಡ ಕಟ್ಟಡ ಕಟ್ಟಿಸುತ್ತಾರೆ, ಬರುವಾಗ ಚಾಕೊಲೇಟ್ ತರುತ್ತಾರೆ ಅಂತ ಬರೆದ. ಚೆನ್ನಾಗಿದೆ ಅಂತ ಮಿಸ್ ಅದನ್ನು ಇಡೀ ಕ್ಲಾಸಿನ ಮುಂದೆ ಅವನ ಕೈಯಲ್ಲೇ ಓದಿಸಿದರು. ಅವತ್ತು ರಾತ್ರಿ ಹೊಟ್ಟೆನೋವು ಅಂತ ಊಟ ಬಿಟ್ಟ, ನೀವು ಓಮದ ನೀರು ಕೊಟ್ಟಿರಿ. ಅಮ್ಮ, ಅದು ಓಮದ ನೀರಿಗೆ ಬಗ್ಗುವ ಹೊಟ್ಟೆನೋವಲ್ಲ. ಭಾನುವಾರ ಅಪ್ಪನ ಜೊತೆ ಮಲ್ಲೇಶ್ವರದಲ್ಲಿ ದೋಸೆ ತಿಂದು ಬಂದ ಹುಡುಗ ಸೋಮವಾರ ಸ್ನೇಹಿತರ ಮುಂದೆ ಎದ್ದು ನಿಂತು ಅದೇ ಅಪ್ಪನನ್ನು ಸಮುದ್ರದಾಚೆ ಕಳಿಸಬೇಕು. ಒಂದು ಸುಳ್ಳನ್ನು ಯಾರಿಗೆ ಎಷ್ಟು ಹೇಳಿದ್ದೇವೆ, ಮುಂದಿನ ಸಲ ಏನು ಸೇರಿಸಬೇಕು ಅಂತ ನೆನಪಿಟ್ಟುಕೊಳ್ಳುವುದು ದೊಡ್ಡವರಿಗೇ ಸಾಕಾಗಿ ಹೋಗುತ್ತೆ. ಅವನಿಗೆ ಒಂಬತ್ತು ವರ್ಷ.

ಎರಡು ಮನೆ ಇರುವುದು ಮಗುವಿಗೆ ನೀವು ಅಂದುಕೊಂಡಷ್ಟು ಭಾರ ಅಲ್ಲ. ನಮ್ಮಲ್ಲಿ ಎಷ್ಟು ಮಕ್ಕಳು ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿಲ್ಲ, ಎಷ್ಟು ಮಕ್ಕಳು ಹಾಸ್ಟೆಲಿನಿಂದ ಬರೀ ಹಬ್ಬಕ್ಕೆ ಊರಿಗೆ ಬಂದು ಹೋಗಿಲ್ಲ? ನಿಮ್ಮ ಊರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟಿದ್ದು ಓದುತ್ತಾರೆ, ಅವರನ್ನು ನೋಡಿ ಯಾರೂ 'ಎರಡು ದೋಣಿ' ಅನ್ನುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವುದು ಹುಡುಗನಿಗೆ ಖುಷಿಯೇ ಇರಬಹುದು. ಅದನ್ನು ಮುಚ್ಚಿಡು ಅಂತ ಹೇಳುವುದೇ ಭಾರ. ಮುಚ್ಚಿಡು ಅಂದ ಕೂಡಲೇ ಮಗುವಿಗೆ ತಿಳಿಯುವುದು ಒಂದೇ: ನನ್ನ ಅಪ್ಪ ನಾಚಿಕೆಪಡುವಂಥ ವಿಷಯ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಸುಮಾರು ಹದಿನೈದು ವರ್ಷದ ಹಿಂದೆ, ಇದೇ ಪುಟದಲ್ಲಿ, ಹಾಸನದ ಕಡೆಯ ಒಬ್ಬರಿಗೆ ಉತ್ತರ ಬರೆದಿದ್ದೆ. ಹೆಂಡತಿ ಬೇರೆಯಾಗಿದ್ದಾಳೆ, ಮಗಳನ್ನು ನೋಡಲು ಹೋದರೆ ಆ ಮನೆಯವರಿಗೆ ಮುಜುಗರ, ಏನು ಮಾಡಲಿ ಅಂತ ಕೇಳಿದ್ದರು. ಮಗುವನ್ನು ಇಬ್ಬರ ಮಧ್ಯೆ ಎಳೆದಾಡುವುದು ಬೇಡ, ದೂರ ಇದ್ದುಬಿಡಿ, ದೊಡ್ಡವಳಾದ ಮೇಲೆ ತಾನೇ ಹುಡುಕಿಕೊಂಡು ಬರುತ್ತಾಳೆ ಅಂತ ಬರೆದೆ. ಎಂಥ ಪಕ್ವವಾದ ಮಾತು ಅಂತ ಎಷ್ಟೋ ಜನ ಮೆಚ್ಚಿ ಬರೆದರು, ನಾನೂ ಹಿಗ್ಗಿದೆ. ಹತ್ತು ವರ್ಷ ಆದ ಮೇಲೆ ಅವರಿಂದ ಒಂದು ಕಾರ್ಡು ಬಂತು. "ಮಗಳು ಪಿಯುಸಿ ಮುಗಿಸಿ ಬಂದಿದ್ದಳು ಮೇಡಂ. ಕಾಫಿ ಕುಡಿದಳು. ಯಾವ ಕಾಂಬಿನೇಷನ್ ಅಂತ ಕೇಳಿದೆ. ಆಮೇಲೆ ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ." ಅಷ್ಟೇ ಇತ್ತು. ಬೈದಿದ್ದರೂ ಚೆನ್ನಾಗಿರುತ್ತಿತ್ತು. ಆ ಕಾರ್ಡು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ, ಇಂಥ ಕಾಗದ ಬಂದಾಗೆಲ್ಲ ತೆಗೆದು ನೋಡುತ್ತೇನೆ.

ಇನ್ನು ನಿಮ್ಮ ಭಾವನವರು ಹೆದರಿಸಿದ್ದಾರಲ್ಲ, ಐದು ವರ್ಷ ದಾಟಿದ ಮೇಲೆ ಗಂಡು ಮಗು ಅಪ್ಪನದೇ, ಹೀಗೆ ಕಳಿಸ್ತಾ ಇದ್ದರೆ ಒಂದು ದಿನ ವಾಪಸ್ಸೇ ಬರಲ್ಲ ಅಂತ. ಅದು ಅರ್ಧ ಕೇಳಿಸಿಕೊಂಡ ಕಾನೂನು. ಹಿಂದೂಗಳ ಮಕ್ಕಳ ಪೋಷಕತ್ವಕ್ಕೆ 1956ರ ಕಾಯ್ದೆ ಇದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ ಅದರಲ್ಲಿ ಬರೆದಿರುವುದು ನಿಜ. ಆದರೆ ಐದು ತುಂಬಿದ ಮಾರನೇ ದಿನ ಅಪ್ಪನಿಗೆ ಒಪ್ಪಿಸಿಬಿಡಿ ಅಂತ ಎಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅನ್ನುತ್ತದೆ. ಪೋಷಕರು ಅಂದರೆ ಮೊದಲು ತಂದೆ, 'ಅವನ ನಂತರ' ತಾಯಿ ಅಂತಲೂ ಅದರಲ್ಲಿದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋಗಿ, ತಂದೆಯ ಸಹಿ ತನ್ನಿ ಅನ್ನಿಸಿಕೊಂಡು, ಸುಪ್ರೀಂ ಕೋರ್ಟಿನ ತನಕ ಹೋದದ್ದು ಈ ಎರಡು ಪದಕ್ಕೇ. 'ನಂತರ' ಅಂದರೆ ತಂದೆ ಸತ್ತ ಮೇಲೆ ಅಂತಲೇ ಅರ್ಥ ಮಾಡಬೇಕಾಗಿಲ್ಲ, ತಂದೆ ಬದುಕಿದ್ದೂ ಹೊಣೆ ಹೊರದೆ ಇದ್ದರೆ ತಾಯಿಯೇ ಪೋಷಕಿ ಅಂತ 1999ರಲ್ಲಿ ಕೋರ್ಟು ಹೇಳಿತು.

ನಿಮ್ಮ ಮನೆಯ ಏರ್ಪಾಡೇನೂ ಲೋಕದಲ್ಲಿ ಇಲ್ಲದ್ದಲ್ಲ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ 12 ವರ್ಷದ ಮಗುವಿನ ಒಂದು ಕೇಸಿನಲ್ಲಿ ಜನವರಿಯಿಂದ ಜೂನ್ ತನಕ ಅಪ್ಪನ ಮನೆ, ಜುಲೈನಿಂದ ಡಿಸೆಂಬರ್ ತನಕ ಅಮ್ಮನ ಮನೆ, ಓದಿನ ಖರ್ಚು ಇಬ್ಬರಿಗೂ ಸಮ, ಶನಿವಾರ ಭಾನುವಾರ ಇನ್ನೊಬ್ಬರು ನೋಡಬಹುದು ಅಂತ ಆದೇಶ ಮಾಡಿತ್ತು. (ಆರು ಆರು ತಿಂಗಳ ಲೆಕ್ಕ ನನಗಂತೂ ಅಷ್ಟು ಹಿಡಿಸುವುದಿಲ್ಲ. ಒಂದೇ ಊರಲ್ಲಿದ್ದರೆ ಸರಿ, ಬೇರೆ ಬೇರೆ ಊರಾದರೆ ಸ್ಕೂಲಿನ ಗತಿ?) 2015ರಲ್ಲಿ ಕೇಂದ್ರದ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಇಂಥ ಜಂಟಿ ಪಾಲನೆಗೆ ಕಾನೂನಿನಲ್ಲೇ ಜಾಗ ಮಾಡಿ ಎಂದಿತು. ನಿಮ್ಮ ಮಗಳ ಡಿಕ್ರಿಯಲ್ಲೂ ಶನಿವಾರ ಭಾನುವಾರದ ವಿಷಯ ಬರೆದಿದೆ ಎಂದಿದ್ದೀರಿ. ಹಾಗಿದ್ದರೆ ಸುಮ್ನೆ ನಿಲ್ಲಿಸಿಬಿಡುವುದು ಕೋರ್ಟಿನ ಆದೇಶ ಮುರಿದ ಹಾಗೆ. ಬದಲಾಯಿಸಲೇಬೇಕಾದರೆ ಕೋರ್ಟಿಗೇ ಹೋಗಬೇಕು. ಭಾವನವರಿಗೆ ಇದನ್ನೂ ಹೇಳಿ.

ಕಾನೂನಿನ ಮಾತು ಸಾಕು, ನಿಮಗಿರುವ ಹೆದರಿಕೆ ಕೋರ್ಟಿನದಲ್ಲ. ಬೀದಿಯವರು ಮಗಳನ್ನು 'ಗಂಡ ಬಿಟ್ಟವಳು' ಅಂದುಬಿಟ್ಟರೆ ಅಂತ. ಈ ಮಾತಿನ ಮೋಸ ಗಮನಿಸಿದ್ದೀರಾ? ಗಂಡ ಅವಳನ್ನು ಬಿಟ್ಟನೋ, ಅವಳೇ ಗಂಡನನ್ನು ಬಿಟ್ಟಳೋ, ಎರಡಕ್ಕೂ ಒಂದೇ ಮಾತು. ಹೇಗೆ ಹೇಳಿದರೂ ತಪ್ಪು ಅವಳ ತಲೆಗೇ. ಗಂಡಸಾದರೆ 'ಪಾಪ, ಒಬ್ಬನೇ ಇದ್ದಾನೆ' ಅನ್ನುತ್ತೇವೆ, ಊಟಕ್ಕೆ ಕರೆಯುತ್ತೇವೆ. ನಿಮ್ಮ ಎದುರು ಮನೆಯವರು, ವಿಚ್ಛೇದನ ಎಲ್ಲ ಈಗಿನ ಟೀವಿ ಸೀರಿಯಲ್ ನೋಡಿ ಕಲಿತದ್ದು ಎಂದರಂತೆ. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ, ಅಂದರೆ ಬಿಡುಗಡೆಯ ಚೀಟಿ, ಅನ್ನುವ ಮಾತು ಟೀವಿಗಿಂತ ಎಷ್ಟೋ ಹಳೆಯದು. ಹಿರಿಯರ ಮುಂದೆ ಬಿಡುಗಡೆ ಮಾಡಿಕೊಂಡು, ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಇನ್ನೊಂದು ಸಂಸಾರ ಹೂಡಿದ ಹೆಂಗಸರು ಎಷ್ಟೋ ಸಮುದಾಯಗಳಲ್ಲಿದ್ದರು. ಕರಾವಳಿಯ ಅಳಿಯಕಟ್ಟಿನಲ್ಲಿ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯಲ್ಲಿ, ಮಕ್ಕಳು ಹೇಗಿದ್ದರೂ ತಾಯಿ ಮನೆಯವರೇ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಇಂಥ ರೂಢಿಯ ಬಿಡುಗಡೆಗಳಿಗೆ ಅಡ್ಡ ಬರಲಿಲ್ಲ.

ಅಂದ ಹಾಗೆ, ಬೀದಿಗೆ ಗೊತ್ತಿಲ್ಲ ಅಂತ ನಿಜವಾಗಿ ಅಂದುಕೊಂಡಿದ್ದೀರಾ? ನಿಮ್ಮ ಬೀದಿಯಿಂದ ಬೆಂಗಳೂರಿಗೆ ಹೋಗುವವರೇ ಇಲ್ವಾ, ಬಟವಾಡಿಯಲ್ಲಿ ಬಸ್ಸಿಗೆ ಕಾಯುವವರೇ ಇಲ್ವಾ? ಎರಡು ವರ್ಷದಿಂದ ತಿಂಗಳಿಗೆ ಎರಡು ಶನಿವಾರ ಅದೇ ಸ್ಟಾಪಿನಲ್ಲಿ ಅದೇ ಅಜ್ಜಿ, ಅದೇ ಹುಡುಗ, ಅದೇ ನೀಲಿ ಬ್ಯಾಗು. ಎಲ್ಲರಿಗೂ ಗೊತ್ತಿದೆ ಅಮ್ಮ. ಪಾಪ, ನಿಮ್ಮ ಮುಂದೆ ಗೊತ್ತಿಲ್ಲದವರ ಹಾಗೆ ಇದ್ದಾರೆ. ಇನ್ನು ಮೇಲೆ ಯಾರಾದರೂ ಕೇಳಿದರೆ, "ಅವರಿಬ್ಬರೂ ಬೇರೆಯಾಗಿದ್ದಾರೆ, ಮಗನನ್ನು ಇಬ್ಬರೂ ನೋಡಿಕೊಳ್ತಾರೆ, ಕಾಫಿ ಕುಡೀತೀರಾ?" ಅಂತ ಒಂದೇ ಉಸಿರಿಗೆ ಹೇಳಿಬಿಡಿ. ಎರಡು ತಿಂಗಳು ಮಾತಾಡಿಕೊಳ್ಳುತ್ತಾರೆ, ಆಮೇಲೆ ಬೇರೆ ಯಾರದೋ ಮನೆಯ ವಿಷಯ ಸಿಗುತ್ತದೆ.

ಇನ್ನೊಂದು ಮಾತು ಕಟುವಾಗಿ ಕಂಡರೆ ಕ್ಷಮಿಸಿ. ಭಾನುವಾರ ಸಂಜೆ ಹುಡುಗ ಬಂದು ಚಪ್ಪಲಿ ಬಿಡುವ ಮೊದಲೇ ಅಲ್ಲಿ ಏನು ಅಡುಗೆ, ಯಾರು ಬಂದಿದ್ದರು, ಅಪ್ಪ ಅಮ್ಮನ ಬಗ್ಗೆ ಏನಂದ ಅಂತ ಕೇಳುತ್ತೀರಂತೆ. ಬಿಟ್ಟುಬಿಡಿ. ಕೈಕಾಲು ತೊಳಿ, ಊಟ ಮಾಡು, ಅಷ್ಟೇ ಹೇಳಿ. ಅವನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹಾಗೇ "ಫೀಸಿನ ದುಡ್ಡು ಯಾವಾಗ ಹಾಕ್ತಾರಂತೆ ಕೇಳು" ಅಂತ ಅವನ ಕೈಯಲ್ಲಿ ಹೇಳಿ ಕಳಿಸುವುದೂ ಬೇಡ. ದುಡ್ಡು ದಾವೆ ದೊಡ್ಡವರು ದೊಡ್ಡವರು ಫೋನಿನಲ್ಲಿ ಮಾತಾಡಿಕೊಳ್ಳಲಿ. ಮುಖ ಕೊಟ್ಟು ಮಾತಾಡಲು ಆಗದಿದ್ದರೆ ವಾಟ್ಸಾಪಿನಲ್ಲಿ ಬರೀ ಹುಡುಗನ ವಿಷಯಕ್ಕೇ ಇರಲಿ: ಜ್ವರ, ಹೋಮ್‌ವರ್ಕ್, ಬಸ್ ಹೊರಟ ಹೊತ್ತು.

ಅಳಿಯಂದಿರಿಗೂ ಒಂದು ಮಾತು ಇದೆ, ಯಾರಾದರೂ ಈ ಪುಟ ಅವರಿಗೆ ಓದಿ ಹೇಳಲಿ. ಕಾಗದ ನೋಡಿದರೆ ಅಪ್ಪ ಅಂದರೆ ದೋಸೆ, ಮಾಲು, ಗೇಮು. ಅಮ್ಮ ಅಂದರೆ ಮಗ್ಗಿ, ಔಷಧಿ, ಗದರಿಕೆ ಅನ್ನುವ ಹಾಗಾಗಿದೆ. ಇಬ್ಬರೂ ನೋಡಿಕೊಳ್ಳುವುದು ಅಂದರೆ ಖುಷಿಯನ್ನು ಮಾತ್ರ ಹಂಚಿಕೊಳ್ಳುವುದಾ? ಕಟಿಂಗ್ ಮಾಡಿಸುವುದು, ಹಲ್ಲಿನ ಡಾಕ್ಟರಿಗೆ ತೋರಿಸುವುದು, ಹದಿಮೂರರ ಮಗ್ಗಿ ಬಾಯಿಪಾಠ ಮಾಡಿಸುವುದು ಆ ಶನಿವಾರಗಳಲ್ಲೂ ಆಗಬೇಕು. ಪೇರೆಂಟ್ಸ್ ಮೀಟಿಂಗಿಗೆ ಒಂದು ಸಲ ಅವರೂ ಬರಲಿ. ಸ್ಕೂಲಿಗೆ ಇಬ್ಬರ ಫೋನ್ ನಂಬರೂ ಕೊಡಿ, ಮಿಸ್‌ಗೆ ನಿಜ ಹೇಳಿ. ಗೊತ್ತಿದ್ದಿದ್ದರೆ ಆ ಪ್ರಬಂಧ ಹಾಗೆ ಓದಿಸುತ್ತಿರಲಿಲ್ಲ. ದಸರಾ ರಜೆ, ಬೇಸಿಗೆ ರಜೆ ಯಾರಿಗೆ ಎಷ್ಟು ದಿನ ಅಂತ ಜೂನ್‌ನಲ್ಲೇ ಕ್ಯಾಲೆಂಡರಿನ ಮೇಲೆ ಬರೆದುಬಿಡಿ, ಹಬ್ಬದ ಹಿಂದಿನ ದಿನ ಜಗಳ ಬೇಡ. ಒಂದು ಜೊತೆ ಸ್ವೆಟರು, ಬ್ರಷ್ಷು, ಒಂದು ಜಾಮಿಟ್ರಿ ಬಾಕ್ಸು ಅಲ್ಲೂ ಇರಲಿ. ಎಲ್ಲಾ ಹೊತ್ತುಕೊಂಡು ಹೋದರೆ ನೆಂಟರ ಮನೆ, ತನ್ನ ಸಾಮಾನು ಇದ್ದರೆ ತನ್ನ ಮನೆ.

ಇಬ್ಬರಿಗೂ ಲೆಕ್ಕ ಹೊಂದದಿದ್ದರೆ ವಕೀಲರ ನೋಟಿಸಿಗಿಂತ ಮೊದಲು ಮಧ್ಯಸ್ಥಿಕೆಗೆ ಹೋಗಲಿ. ಬೆಂಗಳೂರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಅದಕ್ಕೇ 2007ರಿಂದ ಒಂದು ಕೇಂದ್ರ ಇದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಸಂಬಳ ಎಷ್ಟೇ ಇರಲಿ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ.

ಇದನ್ನು ಓದುತ್ತಿರುವ ಬೇರೆಯವರಿಗೆ: ಇದೆಲ್ಲ ಹೊಡೆತ ಬಡಿತ ಇಲ್ಲದ ಮನೆಯ ಮಾತು. ಕುಡಿದು ಹೊಡೆಯುವವನು, ಹೆದರಿಸುವವನು, ಮಗುವನ್ನು ಎತ್ತಿಕೊಂಡು ಹೋಗುತ್ತೇನೆ ಅನ್ನುವವನು ಇದ್ದರೆ ಗೇಟು ತೆರೆಯಿರಿ ಅಂತ ನಾನು ಹೇಳುತ್ತಿಲ್ಲ. ಅಂಥ ಕಡೆ ಕೋರ್ಟಿನ ಆವರಣದಲ್ಲೋ, ಇನ್ನೊಬ್ಬರ ಎದುರಿನಲ್ಲೋ ಮಾತ್ರ ಭೇಟಿ ಆಗಲಿ ಅಂತ ಕೇಳಬಹುದು. ಹೆಂಗಸರಿಗೆ 181, ಮಕ್ಕಳಿಗೆ 1098 ಇದೆ. ನಿಮ್ಮ ಅಳಿಯ ಅಂಥವರಲ್ಲ ಅಂತ ನೀವೇ ಎರಡು ಕಡೆ ಬರೆದಿದ್ದೀರಿ. "ಇಬ್ಬರೂ ಒಳ್ಳೆಯವರೇ, ಒಟ್ಟಿಗೆ ಇರಲು ಆಗಲಿಲ್ಲ" ಅನ್ನುವ ನಿಮ್ಮ ಸಾಲು ನನಗೆ ತುಂಬ ಹಿಡಿಸಿತು.

ಮೂರನೇ ಪುಟದ ಕೊನೆಯಲ್ಲಿ, ಜಾಗ ಸಾಲದೆ ಮಾರ್ಜಿನ್ನಿನಲ್ಲಿ ಅಡ್ಡಡ್ಡ ಬರೆದಿದ್ದೀರಿ: ಹುಡುಗ ಹೋಗುವಾಗ ಬ್ಯಾಗಿನಲ್ಲಿ ಬಟ್ಟೆ ಅಡಿ ಒಂದು ಚಕ್ಕುಲಿ ಡಬ್ಬಿ ಇಡುತ್ತೇನೆ, ಅಳಿಯಂದಿರಿಗೆ ಇಷ್ಟ, ಮಗಳಿಗೂ ಗೊತ್ತಿಲ್ಲ. ಆ ಡಬ್ಬಿ ಒಂದು ಸಲವೂ ಖಾಲಿ ವಾಪಸ್ ಬಂದಿಲ್ಲ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿ ಕಳಿಸಿದ್ದರು ಅಂತಲೂ ಇದೆ. ಎರಡು ವರ್ಷ ಆದರೂ ನೀವು ಇನ್ನೂ 'ಅಳಿಯಂದಿರು' ಅಂತಲೇ ಬರೆಯುತ್ತೀರಿ. ಎರಡೂ ಮನೆ ನಡುವಿನ ದಾರಿ ಮುಚ್ಚಬೇಕು ಅಂತ ಹೊರಟವರ ಕೆಲಸವಾ ಇದು?

ಮುಂದಿನ ಎರಡನೇ ಶನಿವಾರ ಬಟವಾಡಿಗೆ ಹೋಗಬೇಡಿ, ಮನೆಗೇ ಬರಲು ಹೇಳಿ. ಒಳಗೆ ಕರೆಯುವುದು ಬಿಡುವುದು ಮಗಳಿಗೆ ಬಿಟ್ಟದ್ದು, ಅವಳನ್ನು ಕೇಳದೆ ಮಾಡಬೇಡಿ. ಬೇಡ ಅಂದರೆ ಗೇಟಿನ ತನಕ ಸಾಕು. ಡಬ್ಬಿ ಮಾತ್ರ ಇನ್ನು ಬಟ್ಟೆ ಅಡಿ ಬಚ್ಚಿಡಬೇಡಿ, ಕೈಗೇ ಕೊಡಿ. ಬಸ್ಸಿನಲ್ಲಿ ಚಕ್ಕುಲಿ ಪುಡಿಯಾಗುತ್ತೆ.