ಜೆನೆರಿಕ್ ಗುಳಿಗೆ ಬ್ರ್ಯಾಂಡ್ ಗುಳಿಗೆಯಷ್ಟೇ ರಕ್ತಕ್ಕೆ ಸೇರುತ್ತದೆಯೇ?

ಹೌದು, ಸಮಾನತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಜೆನೆರಿಕ್ ಗುಳಿಗೆ ಬಹುಮಟ್ಟಿಗೆ ಅಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ಸೇರುತ್ತದೆ. ವಿಜಯಪುರದ ಜನೌಷಧಿ ಕೇಂದ್ರದಲ್ಲಿ ಕೊಳ್ಳುವ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಗುಳಿಗೆಯಲ್ಲೂ ಹೆಸರಾಂತ ಕಂಪನಿಯ ಗುಳಿಗೆಯಲ್ಲೂ ಇರುವ ಔಷಧದ ಅಂಶ ಒಂದೇ. ಬೇರೆಯಾಗಬಹುದಾದದ್ದು ಅದನ್ನು ಹಿಡಿದಿಡುವ ಅಂಟು, ಬಣ್ಣ ಮತ್ತು ಮೇಲಿನ ಲೇಪ. ಇವುಗಳಿಂದ ಗುಳಿಗೆ ಹೊಟ್ಟೆಯಲ್ಲಿ ಕರಗುವ ವೇಗ ತುಸು ಬದಲಾಗಬಹುದಾದರೂ, ಕರಗಿದ ಮೇಲೆ ಕರುಳು ಎರಡನ್ನೂ ಒಂದೇ ರೀತಿ ಹೀರಿಕೊಳ್ಳುತ್ತದೆ.

ಪರೀಕ್ಷೆಗಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಎರಡೂ ಗುಳಿಗೆಗಳನ್ನು ಬೇರೆ ಬೇರೆ ದಿನ ಕೊಟ್ಟು, ಗಂಟೆಗಟ್ಟಲೆ ರಕ್ತದ ಮಾದರಿ ತೆಗೆದು, ಔಷಧದ ಗರಿಷ್ಠ ಮಟ್ಟವನ್ನೂ ಒಟ್ಟು ಪ್ರಮಾಣವನ್ನೂ ಹೋಲಿಸುತ್ತಾರೆ. ಬ್ರ್ಯಾಂಡ್ ಗುಳಿಗೆಯ ಮಟ್ಟವನ್ನು 100 ಎಂದಿಟ್ಟುಕೊಂಡರೆ ಜೆನೆರಿಕ್ ಗುಳಿಗೆಯದು ಶೇ. 80ರಿಂದ 125ರೊಳಗೆ ಇರಬೇಕೆಂಬ ಇಲ್ಲಿನ ಮಿತಿಯನ್ನು ಕಂಡು, ಔಷಧವೇ ಶೇ. 20ರಷ್ಟು ಕಡಿಮೆ ಇರಬಹುದೆಂದು ಹೆದರುವವರು ಬಹಳ ಜನ, ಆದರೆ ಅದು ತಪ್ಪು ತಿಳಿವಳಿಕೆ. ಸರಾಸರಿಯಷ್ಟೇ ಅಲ್ಲ, ಅದರ ಆಚೀಚಿನ ಅನಿಶ್ಚಿತತೆಯೂ ಪೂರ್ತಿಯಾಗಿ ಆ ಮಿತಿಯೊಳಗೆ ಇರಬೇಕಾದ್ದರಿಂದ, ಸರಾಸರಿ ಸಾಮಾನ್ಯವಾಗಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಪರಿಶೀಲಿಸಿದಾಗ, ಒಟ್ಟು ಪ್ರಮಾಣದಲ್ಲಿ ಕಂಡ ಸರಾಸರಿ ವ್ಯತ್ಯಾಸ ಸುಮಾರು ಶೇ. 3.5 ಮಾತ್ರ.

ಮೂರ್ಛೆರೋಗದ ಫೆನಿಟಾಯಿನ್, ಥೈರಾಯ್ಡ್‌ನ ಲೆವೊಥೈರಾಕ್ಸಿನ್‌ನಂಥ ಔಷಧಗಳಲ್ಲಿ ಮಾತ್ರ ಸಣ್ಣ ಏರುಪೇರೂ ತೊಂದರೆ ಕೊಡಬಲ್ಲದು. ಅವುಗಳ ಕಂಪನಿಯನ್ನು ವೈದ್ಯರಿಗೆ ತಿಳಿಸದೆ ದಯವಿಟ್ಟು ಬದಲಿಸಬೇಡಿ.