ಕರೆಂಟ್ ಹೋದಾಗ ಸೋಲಾರ್ ಯಾಕೆ ಕೈಕೊಡುತ್ತದೆ?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು: ತಿಂಗಳಿಗೆ 230 ಯೂನಿಟ್ ಉರಿಯುವುದು ಮೊದಲಿನಂತೆಯೇ, ಬಿಲ್ ಮಾತ್ರ ಏರಿದೆ. ವಿದ್ಯುತ್ ನಿಗಮವನ್ನು ಖಾಸಗಿಯವರಿಗೆ ಕೊಟ್ಟರೆ ದರ ಇಳಿದೀತೇ? ಮಂಜೂರಾದ ಲೋಡ್ (ಒಂದೇ ಹೊತ್ತಿಗೆ ಬಳಸಲು ನಿಗಮ ಒಪ್ಪಿದ ಮಿತಿ) 3 ಕಿಲೋವಾಟ್. ಹೆಂಚಿನ ಮನೆ, ದಕ್ಷಿಣಕ್ಕೆ ಸಿಲ್ವರ್ ಓಕ್ ಸಾಲು. 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಮಳೆಗಾಲದಲ್ಲೂ ಕರೆಂಟಿನ ಚಿಂತೆ ಇಲ್ಲ ಎನ್ನುತ್ತಾರೆ ಮಾರುವವರು. ಹಾಕಿಸಲೇ?

ಸಂಪಾದಕರ ಉತ್ತರ:

ಬಿಲ್ಲಿನಿಂದಲೇ ಶುರುಮಾಡೋಣ. 2025ರ ಏಪ್ರಿಲ್‌ನಲ್ಲಿ ಯೂನಿಟ್ ದರ 5.90ರಿಂದ 5.80 ರೂಪಾಯಿಗೆ ಇಳಿಯಿತು. ಜೊತೆಗೇ ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145 ಆಯಿತು, ಸಿಬ್ಬಂದಿಯ ಪಿಂಚಣಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ನಿಮ್ಮ ಲೆಕ್ಕದಲ್ಲಿ ಉಳಿದದ್ದು 23 ರೂಪಾಯಿ, ಏರಿದ್ದು 75 ಮತ್ತು 83. ಗೀಸರ್, ಪಂಪು ಎರಡನ್ನೂ ಒಟ್ಟಿಗೆ ಹಾಕದೆ ಇರಬಲ್ಲಿರಾದರೆ ಲೋಡನ್ನು 2 ಕಿಲೋವಾಟ್‌ಗೆ ಇಳಿಸಲು ಅರ್ಜಿ ಕೊಡಿ. ತಿಂಗಳಿಗೆ ಒಂದು ಕಿಲೋವಾಟಿನ ನಿಗದಿತ ಶುಲ್ಕ ಉಳಿಯುತ್ತದೆ. ಆಮೇಲೆ ಮೈಮರೆಯಬೇಡಿ, ಒಂದೇ ಹೊತ್ತಿಗೆ ನೀವು ಎಳೆದ ಗರಿಷ್ಠ ಲೋಡನ್ನು ಮೀಟರ್ ದಾಖಲಿಸಿಕೊಳ್ಳುತ್ತದೆ.

ಇನ್ನು ಖಾಸಗಿಯವರಿಗೆ ಕೊಡುವ ಮಾತು. ನಾವು ಇಂದಿಗೂ ಕೆಇಬಿ ಎಂದೇ ಕರೆಯುವ ಚಾಮುಂಡೇಶ್ವರಿ ನಿಗಮ ರಾಜ್ಯ ಸರ್ಕಾರದ್ದು. ದರ ನಿಗದಿ ಮಾಡುವುದು ಮಾತ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಸಹಕಾರ ಸಂಘವೇ ಕರೆಂಟ್ ಹಂಚುತ್ತಿದೆ, ಅದಕ್ಕೂ ಆಯೋಗದ ಆದೇಶವೇ. ನಮ್ಮ ತೋಟಗಳೊಳಗೆ ಒಂದು ಕಿಲೋಮೀಟರ್ ಲೈನ್ ಎಳೆದರೆ ಸಿಗುವುದು ನಾಲ್ಕು ಮನೆ. ಲಾಭ ನೋಡುವವನಿಗೆ ಆ ಲೈನಿನ ಮೇಲೆ ಮಮತೆ ಇರುತ್ತದೆಂದು ನಮಗಂತೂ ಅನಿಸುವುದಿಲ್ಲ.

ಇನ್ನು ಸೋಲಾರ್. ಸಾಮಾನ್ಯ ಆನ್‌ಗ್ರಿಡ್ (ನಿಗಮದ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ) ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಅದು ದೋಷವಲ್ಲ, ಬಿದ್ದ ಮರ ತೆಗೆಯುತ್ತಿರುವ ಲೈನ್‌ಮನ್‌ಗೆ ನಿಮ್ಮ ಛಾವಣಿಯಿಂದ ಶಾಕ್ ಹೊಡೆಯಬಾರದು ಎಂದೇ ಹಾಗೆ ಮಾಡಿರುವುದು. ಅಂದರೆ ಜುಲೈಯಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ ಅಷ್ಟೂ ಪ್ಯಾನೆಲ್ ಇದ್ದೂ ಕತ್ತಲೆ. ಬಿಲ್ ಇಳಿಸುವುದು ಒಂದು ಕೆಲಸ, ಕತ್ತಲಲ್ಲಿ ದೀಪ ಉರಿಸುವುದು ಇನ್ನೊಂದು. ಎರಡೂ ಬೇಕಾದರೆ ಲೈನು, ಬ್ಯಾಟರಿ ಎರಡರ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

3 ಕಿಲೋವಾಟ್ ನಿಮಗೆ ಹೆಚ್ಚಾಯಿತು. ಒಳ್ಳೆ ಬಿಸಿಲಿಗೆ ಕಿಲೋವಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್. ನಿಮಗೆ ಬೇಕಾದದ್ದು 8ರ ಒಳಗೆ. 2 ಸಾಕು. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಅದಕ್ಕೆ 60,000 ರೂಪಾಯಿ, 3 ಕಿಲೋವಾಟ್‌ಗೆ 78,000. ಸಬ್ಸಿಡಿ ಇರುವುದು ಗ್ರಿಡ್‌ಗೆ ಜೋಡಿಸಿದ, ದೇಶದಲ್ಲೇ ತಯಾರಾದ ಪ್ಯಾನೆಲ್‌ಗೆ ಮಾತ್ರ.

ಹೆಂಚಿನ ಮಾಡು ಎಚ್ಚರದ ಜಾಗ. 540 ವಾಟಿನ ಪ್ಯಾನೆಲ್ ಒಂದಕ್ಕೆ ಸುಮಾರು 28 ಕಿಲೋ, ನಾಲ್ಕಕ್ಕೆ 112. ಹೆಂಚಿಗೆ ತೂತು ಕೊರೆಯಲು ಬಿಡಲೇಬೇಡಿ. ಹೆಂಚು ಸರಿಸಿ, ಸ್ಟೇನ್‌ಲೆಸ್ ಸ್ಟೀಲ್ ಹುಕ್ಕನ್ನು ಪಕ್ಕಾಸಿಗೇ (ಮಾಡು ಹೊರುವ ದಪ್ಪ ಮರ) ಸ್ಕ್ರೂ ಮಾಡಬೇಕು. ಹೆಂಚು ಕೂರುವ ತೆಳು ರೀಪಿಗೆ ಹೊಡೆದರೆ ಆಷಾಢದ ಗಾಳಿ ಎತ್ತಿ ಒಗೆಯುತ್ತದೆ. ಹುಕ್ಕು ಹೆಂಚಿಗೆ ತಾಗದಂತೆ ಚೂರು ಸಂದು ಇರಲಿ, ಇಲ್ಲವಾದರೆ ಪ್ಯಾನೆಲಿನ ಭಾರಕ್ಕೆ ಹೆಂಚು ಸೀಳಿ ಸೋರುತ್ತದೆ. ಅದಕ್ಕೂ ಮೊದಲು ಪಕ್ಕಾಸನ್ನು ಚಾಕುವಿನಿಂದ ಚುಚ್ಚಿ ನೋಡಿ: ಸಲೀಸಾಗಿ ಇಳಿದರೆ ಗೆದ್ದಲು ಹಿಡಿದಿದೆ, ಮರ ಬದಲಾಯಿಸದೆ ಮುಂದುವರಿಯಬೇಡಿ.

ಸಿಲ್ವರ್ ಓಕ್ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಅದಕ್ಕೆ ಜೋಡಿಸಿದ ಪ್ಯಾನೆಲ್ ಸಾಲಿನ ಉತ್ಪಾದನೆಯೆಲ್ಲ ಕುಗ್ಗುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗಿರುವಾಗ, ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಮನಿಸಿ ಜಾಗ ಗುರುತಿಸಿ. ಮರ ಕಪಾತು (ಕೊಂಬೆ ಸವರುವುದು) ವರ್ಷ ವರ್ಷ ಮಾಡುವವರಾದರೆ ಸರಿ. ಅರ್ತಿಂಗ್ ಗುಂಡಿಗೆ ಏಪ್ರಿಲ್‌ನಲ್ಲಿ ನೀರು ಹೊಯ್ಯಿರಿ. ಸಿಡಿಲು ಶುರುವಾಗುವುದು ಮಣ್ಣು ಒಣಗಿರುವಾಗಲೇ. ಡಿಸಿ ಕಡೆಗೂ, ಅಂದರೆ ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ತಂತಿಗೂ, ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಇದೆಯೇ ಕೇಳಿ.

ಬ್ಯಾಟರಿ ಎಷ್ಟು? 9 ವಾಟಿನ ಐದು ಬಲ್ಬ್ 5 ಗಂಟೆ, 10 ವಾಟಿನ ರೂಟರ್ ದಿನವಿಡೀ, ಟಿವಿ 3 ಗಂಟೆ, ಮೊಬೈಲ್: ದಿನಕ್ಕೆ ಸುಮಾರು 700 ವಾಟ್‌ಅವರ್, ಅಂದರೆ 0.7 ಯೂನಿಟ್. 12.8 ವೋಲ್ಟ್, 100 ಆಂಪಿಯರ್‌ಅವರ್ (ಎರಡನ್ನೂ ಗುಣಿಸಿದರೆ 1,280 ವಾಟ್‌ಅವರ್) ಲಿಥಿಯಂ ಬ್ಯಾಟರಿ ಇದಕ್ಕೆ ಸಾಕು. ಫ್ರಿಜ್ ಸೇರಿಸಿದರೆ ಎರಡು ಬೇಕಾದೀತು. ಹೈಬ್ರಿಡ್ ಇನ್ವರ್ಟರ್ ಕೆಲವು 48 ವೋಲ್ಟ್ ಬ್ಯಾಟರಿಯನ್ನೇ ಕೇಳುತ್ತವೆ, ಮೊದಲೇ ವಿಚಾರಿಸಿ. ಲೆಡ್ ಆಸಿಡ್ ಅಗ್ಗವೇನೋ ಹೌದು, ಆದರೆ ಮೋಡದ ತಿಂಗಳುಗಳಲ್ಲಿ ಅರ್ಧ ಚಾರ್ಜಿನಲ್ಲೇ ವಾರಗಟ್ಟಲೆ ಬಿದ್ದಿದ್ದರೆ ಅದರ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ ಸತ್ತೇಹೋಗುತ್ತದೆ. ಯಾವುದೇ ಬ್ಯಾಟರಿ ಇರಲಿ, ಜೂನ್ ಬಂದ ಕೂಡಲೇ ಇನ್ವರ್ಟರಿನ ಸೆಟ್ಟಿಂಗ್‌ನಲ್ಲಿ ಗ್ರಿಡ್ ಚಾರ್ಜಿಂಗ್ ಆನ್ ಮಾಡಿ, ಕರೆಂಟ್ ಬಂದಷ್ಟು ಹೊತ್ತು ಅದು ತುಂಬಿಕೊಳ್ಳಲಿ. ಮಳೆ ಬಿಟ್ಟ ಮೇಲೆ ಆಫ್ ಮಾಡಲು ಮರೆಯಬೇಡಿ.