ಹೊಳೆ ದಾಟಿದ ಮೇಲೆ ಅಂಬಿಗನ ನೆನಪು

ಓದುಗರ ಪತ್ರ, ಸಂಕ್ಷಿಪ್ತವಾಗಿ: “ಎರಡು ವರ್ಷದ ಹಿಂದೆ ಕುಡಿಯುವ ನೀರಿನ ಬಗ್ಗೆ ಅಧ್ಯಯನ ಮಾಡಲು ಒಂದು ತಂಡ ನಮ್ಮಲ್ಲಿಗೆ ಬಂದಿತ್ತು. ‘ಇದು ಸಹಭಾಗಿ ಸಂಶೋಧನೆ, ನೀವೂ ಸಂಶೋಧಕರೇ’ ಎಂದರು. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಎಲ್ಲರಿಗೂ ಪರಿಚಿತಳು. ನೂರಕ್ಕೂ ಹೆಚ್ಚು ಮನೆಗಳ ಬಾಗಿಲು ತೆರೆಸಿದ್ದು ನಾನೇ. ತಂಡ ಹೋಯಿತು, ವರದಿ ಬರಲಿಲ್ಲ. ‘ನಮ್ಮ ನೀರಿನ ಕಥೆ ಏನಾಯಿತು ಟೀಚರ್?’ ಎಂದು ಜನ ಇವತ್ತಿಗೂ ನನ್ನನ್ನೇ ಕೇಳುತ್ತಾರೆ. ಕಳೆದ ಸಂಚಿಕೆಯಲ್ಲಿ ನೀವು ಇಂಥ ಸಂಶೋಧನೆಯನ್ನು ಹೊಗಳಿ ಬರೆದಿದ್ದೀರಿ. ಹಾಗಾದರೆ ಹೇಳಿ: ತೊಂದರೆಗೊಳಗಾದವರೇ ಸಂಶೋಧನೆಯೊಳಗೆ ಕೂತರೆ ಅದು ನಿಷ್ಪಕ್ಷಪಾತವಾಗಿ ಉಳಿಯುತ್ತದೆಯೆ? ಇದರಿಂದ ಎಲ್ಲಾದರೂ ನಿಜವಾಗಿ ಏನಾದರೂ ಬದಲಾಗಿದೆಯೆ? ನಾಳೆ ಇನ್ನೊಂದು ತಂಡ ಬಂದರೆ ನಾನು ಮತ್ತೆ ಬಾಗಿಲು ತೆರೆಸಬೇಕೆ?”

ಸಂಪಾದಕರ ಉತ್ತರ

ಆತ್ಮೀಯರೇ,

ಕಳೆದ ಸಂಚಿಕೆಯ ಲೇಖನದಲ್ಲಿ ನಾನು ಸಂಶೋಧಕರ ಬಗ್ಗೆ ಬರೆದೆ, ಜನರ ಬಗ್ಗೆ ಬರೆದೆ. ಇವರಿಬ್ಬರ ನಡುವೆ ನಿಂತು, ತಂಡ ಹೋದ ಮೇಲೂ ಅಲ್ಲೇ ಉಳಿದು, ಎಲ್ಲರಿಗೂ ಮುಖ ಕೊಡಬೇಕಾದ ನಿಮ್ಮಂಥವರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅದು ನನ್ನ ತಪ್ಪು. ನಿಮ್ಮ ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು. ಆದರೆ ಮೊದಲನೆಯದಕ್ಕೆ ಉತ್ತರಿಸದೆ ಅಲ್ಲಿಗೆ ಹೋಗಲಾಗದು.

ಅಮೆರಿಕದ ನಯಾಗರಾ ಫಾಲ್ಸ್ ನಗರದಲ್ಲಿ ಲವ್ ಕೆನಾಲ್ ಎಂಬ ಬಡಾವಣೆಯಿತ್ತು. ಅಲ್ಲಿ ಅರ್ಧಕ್ಕೇ ನಿಂತುಹೋಗಿದ್ದ ಹಳೆಯ ಕಾಲುವೆಯೊಂದಕ್ಕೆ ರಾಸಾಯನಿಕ ಕಂಪನಿಯೊಂದು 1942ರಿಂದ 1953ರವರೆಗೆ ಸುಮಾರು ಇಪ್ಪತ್ತು ಸಾವಿರ ಟನ್ ತ್ಯಾಜ್ಯ ಸುರಿದು, ಮಣ್ಣು ಮುಚ್ಚಿ, ಆ ಜಾಗವನ್ನು ಶಾಲಾ ಮಂಡಳಿಗೆ ಒಂದೇ ಒಂದು ಡಾಲರಿಗೆ ಕೊಟ್ಟಿತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳು ಬಂದವು. 1978ರ ಆಗಸ್ಟ್‌ನಲ್ಲಿ ಸರ್ಕಾರ ಕಾಲುವೆಗೆ ತೀರಾ ಹತ್ತಿರದ ಎರಡು ಸುತ್ತಿನ ಮನೆಯವರನ್ನು ತೆರವು ಮಾಡಿಸಿತು. ಅದರಾಚೆಗಿನವರು ನಿಶ್ಚಿಂತೆಯಿಂದಿರಬಹುದು ಎಂದಿತು. ಆಚೆಗಿದ್ದವರಲ್ಲಿ ಒಬ್ಬರು ಲೋಯಿಸ್ ಗಿಬ್ಸ್, ಆ ಶಾಲೆಗೆ ಸೇರಿದ ಮೇಲೆ ಕಾಯಿಲೆ ಬಿದ್ದ ಮಗುವಿನ ತಾಯಿ. ಅವರು ಮನೆಮನೆಗೆ ಫೋನು ಮಾಡಿ ಯಾರಿಗೆ ಏನು ಕಾಯಿಲೆ, ಎಷ್ಟು ಗರ್ಭಪಾತ ಎಂದು ಕೇಳಿ ಬರೆದುಕೊಂಡು, ಬೀದಿಗಳ ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದರು.

ಗುರುತುಗಳು ಅಲ್ಲಿಷ್ಟು ಇಲ್ಲಿಷ್ಟು ಚೆದುರಿದಂತೆ ಕಂಡವು. ಕಾಲುವೆಯಿಂದ ದೂರ ಹೋದಂತೆ ಕಾಯಿಲೆ ಕಡಿಮೆಯಾಗಬೇಕು ಎಂಬ ಲೆಕ್ಕಕ್ಕೆ ಅವು ಹೊಂದಲೇ ಇಲ್ಲ. ಆಗ ನೆರವಿಗೆ ಬಂದದ್ದು ಹಳಬರ ನೆನಪು. ಮನೆಗಳು ಬರುವ ಮೊದಲು ಈ ನೆಲದಲ್ಲಿ ಸಣ್ಣ ತೊರೆಗಳಿದ್ದವು, ಅವನ್ನು ಮುಚ್ಚಿ ಸೈಟು ಮಾಡಿದ್ದರು. ಆ ತೊರೆಗಳ ದಾರಿಯನ್ನು ಅದೇ ನಕ್ಷೆಯ ಮೇಲೆ ಎಳೆದಾಗ, ಕಾಯಿಲೆಯ ಗುರುತುಗಳು ಆ ಗೆರೆಗಳನ್ನೇ ಹಿಡಿದು ಸಾಗಿದ್ದವು. ಹೂತ ವಿಷ ಹಳೆಯ ನೀರಿನ ಜಾಡಿನಲ್ಲೇ ಹರಿಯುತ್ತಿರಬೇಕು ಎಂಬ ಊಹೆ ಹುಟ್ಟಿದ್ದು ಹೀಗೆ. ಕ್ಯಾನ್ಸರ್ ಸಂಶೋಧಕಿ ಬೆವರ್ಲಿ ಪೇಗನ್ ಗಿಬ್ಸ್ ಅವರ ಜೊತೆ ಕೂತು ಈ ಮಾಹಿತಿಯನ್ನು ಶಿಸ್ತಿನ ವಿಶ್ಲೇಷಣೆಗೆ ಒಳಪಡಿಸಿದರು. ಆರೋಗ್ಯ ಇಲಾಖೆಯವರು ಇದನ್ನು ‘ಕೆಲಸಕ್ಕೆ ಬಾರದ ಗೃಹಿಣಿಯರ ಲೆಕ್ಕ’ ಎಂದು ಪಕ್ಕಕ್ಕೆ ತಳ್ಳಿದರು. ಆದರೆ ನೀರಿನ ಜಾಡಿನ ಪ್ರಕಾರ ತಮ್ಮದೇ ಅಂಕಿಅಂಶಗಳನ್ನು ಮತ್ತೆ ನೋಡಿದ ಮೇಲೆ, 1979ರ ಫೆಬ್ರವರಿಯಲ್ಲಿ, ಹೊರಗಿನ ಪ್ರದೇಶದ ಗರ್ಭಿಣಿಯರೂ ಎರಡು ವರ್ಷದೊಳಗಿನ ಮಕ್ಕಳೂ ಜಾಗ ಬಿಡಬೇಕೆಂದು ಅದೇ ಇಲಾಖೆ ಹೇಳಬೇಕಾಯಿತು. 1980ರ ಅಕ್ಟೋಬರಿನಲ್ಲಿ, ಬಿಟ್ಟುಹೋಗಲು ಬಯಸಿದ ಎಲ್ಲರಿಗೂ ನೆರವು ನೀಡುವ ಒಪ್ಪಂದವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ವಿಷತ್ಯಾಜ್ಯ ಸುರಿದವರೇ ಅದನ್ನು ತೆಗೆಸುವ ಖರ್ಚು ಹೊರಬೇಕೆನ್ನುವ ‘ಸೂಪರ್‌ಫಂಡ್’ ಕಾನೂನು ಬಂತು.

ಗಿಬ್ಸ್ ಅವರಿಗೆ ಪಕ್ಷವಿತ್ತೆ? ಇದ್ದೇ ಇತ್ತು, ಕಾಯಿಲೆ ಬಿದ್ದದ್ದು ಅವರದೇ ಮಗು. ಆದರೆ ಕಾಲುವೆಯ ಸುತ್ತ ಉಂಗುರ ಬರೆದು ಇದರೊಳಗೆ ಅಪಾಯ, ಹೊರಗಿಲ್ಲ ಎಂದವರಿಗೂ ಒಂದು ಪೂರ್ವಗ್ರಹವಿತ್ತು, ಅದು ಪೂರ್ವಗ್ರಹವೆಂದು ಅವರಿಗೆ ಕಾಣಲಿಲ್ಲ ಅಷ್ಟೆ. ಫೋನಿನಲ್ಲಿ ನೆನಪಿನಿಂದ ಹೇಳಿದ ಕಾಯಿಲೆಗಳ ಪಟ್ಟಿಗೂ ಅದರದೇ ಕುಂದುಗಳಿದ್ದವು. ಅದನ್ನು ಜರಡಿ ಹಿಡಿಯಲು ಪೇಗನ್ ಅವರಂಥವರು ಬೇಕಿತ್ತು. ತೊರೆ ಎಲ್ಲಿತ್ತು ಎಂದು ಹೇಳಲು ಹಳಬರು ಬೇಕಿತ್ತು. ನಾನು ನಿಷ್ಪಕ್ಷಪಾತ ಎಂದು ಕರೆಯುವುದು ಈ ಪರಸ್ಪರ ತಪಾಸಣೆಯನ್ನು. ಯಾರಿಗೂ ಏನೂ ನೋವಾಗದ ದೂರದಲ್ಲಿ ನಿಂತು ನೋಡುವುದನ್ನಲ್ಲ.

ಏಡ್ಸ್ ಔಷಧಿಗಳ ಪರೀಕ್ಷೆಯಲ್ಲೂ ಇದೇ ಪಾಠ. 1980ರ ದಶಕದ ಮೊದಲ ಪರೀಕ್ಷೆಗಳಲ್ಲಿ ಕೆಲವರಿಗೆ ನಿಜವಾದ ಗುಳಿಗೆ, ಕೆಲವರಿಗೆ ಔಷಧಿಯೇ ಇಲ್ಲದ ಹುಸಿ ಗುಳಿಗೆ. ಸಾವಿನ ಅಂಚಿನಲ್ಲಿದ್ದ ಜನ ತಮಗೆ ಸಿಕ್ಕಿದ್ದು ಯಾವುದೆಂದು ಹೊರಗೆ ಪರೀಕ್ಷೆ ಮಾಡಿಸಿಕೊಂಡರು, ಗುಳಿಗೆ ಹಂಚಿಕೊಂಡು ನುಂಗಿದರು. ಕಾಗದದ ಮೇಲೆ ಅಚ್ಚುಕಟ್ಟಾಗಿದ್ದ ಪ್ರಯೋಗದ ಅಂಕಿಅಂಶ ಒಳಗೊಳಗೇ ಕೆಟ್ಟಿತು. 1983ರಲ್ಲಿ ಡೆನ್ವರ್‌ನಲ್ಲಿ ಸೇರಿದ್ದ ರೋಗಿಗಳು ತಮ್ಮನ್ನು ‘ಬಲಿಪಶು’ ಎನ್ನಬೇಡಿ, ನಮ್ಮ ಬಗ್ಗೆ ತೀರ್ಮಾನವಾಗುವ ಎಲ್ಲ ಹಂತದಲ್ಲೂ ನಮಗೆ ಜಾಗ ಕೊಡಿ ಎಂದು ಕೇಳಿದ್ದರು. ಬೀದಿಗಿಳಿದು ಹೋರಾಡಿ, ವೈರಾಣುಶಾಸ್ತ್ರ ಓದಿಕೊಂಡು, ಕೊನೆಗೆ ಪ್ರಯೋಗಗಳನ್ನು ರೂಪಿಸುವ ಸಮಿತಿಗಳಲ್ಲೇ ಅವರು ಕೂತರು. ರೋಗಿ ಪಾಲಿಸಬಲ್ಲಂಥ ನಿಯಮಗಳನ್ನು ಮಾಡಿದಾಗ ವಿಜ್ಞಾನವೂ ಗಟ್ಟಿಯಾಗುತ್ತದೆ ಎಂಬುದನ್ನು ಹಲವು ವಿಜ್ಞಾನಿಗಳು ಆಮೇಲೆ ಒಪ್ಪಿಕೊಂಡರು.

ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ‘ಬಾಳಿಕೆ’ಯದು, ತಂಡ ಹೋದ ಮೇಲೂ ಬದಲಾವಣೆ ಉಳಿಯುತ್ತದೆಯೇ ಎಂಬುದು. ರುವಾಂಡಾದಲ್ಲಿ 1980ರ ದಶಕದ ಕೊನೆಗೆ ಹುರುಳಿಕಾಯಿ ಬೀಜದ ತಳಿಗಳನ್ನು ಆರಿಸಲು ವಿಜ್ಞಾನಿಗಳು ರೈತ ಮಹಿಳೆಯರನ್ನು ಸಂಶೋಧನಾ ಕೇಂದ್ರದ ತಾಕುಗಳಿಗೇ ಕರೆದರು. ತಳಿ ವಿಜ್ಞಾನಿಗಳ ಕಣ್ಣು ಇಳುವರಿಯ ಮೇಲೆ. ಈ ಹೆಂಗಸರು ನೋಡಿದ್ದು ಬೇರೆಯದನ್ನೂ: ಬಾಳೆಯ ನೆರಳಿನಲ್ಲಿ ಈ ಗಿಡ ಬಂದೀತೇ, ನಮ್ಮ ಬಡಕಲು ನೆಲಕ್ಕೆ ಒಗ್ಗೀತೇ ಎಂದು. ಅವರು ಆರಿಸಿಕೊಂಡು ಹೋದ ತಳಿಗಳು ಅವರವರ ಹೊಲದಲ್ಲಿ ವಿಜ್ಞಾನಿಗಳ ಆಯ್ಕೆಗಿಂತ ಚೆನ್ನಾಗಿ ಬಂದವು. ತಾನೇ ಆರಿಸಿದ ಬೀಜವನ್ನು ಮುಂದಿನ ಬಿತ್ತನೆಗೆ ಎತ್ತಿಡುವವಳು ರೈತಳೇ, ಅದಕ್ಕೆ ಯಾವ ಯೋಜನೆಯ ಅವಧಿಯೂ ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಿಮಗಾದದ್ದು ಇದ್ಯಾವುದೂ ಅಲ್ಲ ಎಂಬುದನ್ನೂ ನೇರವಾಗಿ ಹೇಳಬೇಕು. ಶೆರ್ರಿ ಆರ್ನ್‌ಸ್ಟೈನ್ ಎಂಬಾಕೆ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಅಭಿಪ್ರಾಯ ಕೇಳಿಕೊಂಡು ಹೋಗುವುದು ಅದರಲ್ಲಿ ನಾಲ್ಕನೆಯ ಮೆಟ್ಟಿಲು. ಅದನ್ನವರು ತೋರಿಕೆಯ ಸಹಭಾಗಿತ್ವದ ಸಾಲಿಗೆ ಸೇರಿಸಿದ್ದರು. ನಿಜವಾದ ಪಾಲುದಾರಿಕೆ ಆರಂಭವಾಗುವುದು ಆರನೆಯ ಮೆಟ್ಟಿಲಿನಲ್ಲಿ, ತೀರ್ಮಾನಿಸುವ ಅಧಿಕಾರ ಕೈ ಬದಲಾದಾಗ. ನಿಮ್ಮ ಪೂರ್ಣ ಪತ್ರವನ್ನು ಮತ್ತೆ ಓದಿ ನೋಡಿದೆ. ಪ್ರಶ್ನಾವಳಿ ತಂಡದ ಕಚೇರಿಯಲ್ಲೇ ಸಿದ್ಧವಾಗಿ ಬಂದಿತ್ತು. ತುಂಬಿದ ಹಾಳೆಗಳು ಅವರೊಂದಿಗೇ ಹೋದವು. ನಿಮ್ಮ ಪಾಲಿಗೆ ಬಂದದ್ದು ಬಾಗಿಲು ತಟ್ಟುವ ಕೆಲಸ ಮಾತ್ರ. ‘ನೀವೂ ಸಂಶೋಧಕರೇ’ ಎಂದದ್ದು ಬರೀ ಬಾಯುಪಚಾರ.

ಇದಕ್ಕಿಂತ ಕೆಟ್ಟದ್ದೂ ಆಗಿದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯೊಳಗೆ ಬದುಕುವ ಹವಾಸುಪೈ ಎಂಬ ಮೂಲನಿವಾಸಿ ಸಮುದಾಯದಲ್ಲಿ ಸಕ್ಕರೆ ಕಾಯಿಲೆ ವಿಪರೀತ. ಅದಕ್ಕೆ ಕಾರಣ ಹುಡುಕಲು ನೆರವಾಗಬಹುದೆಂದು 1990ರಿಂದ ಅವರು ವಿಶ್ವವಿದ್ಯಾಲಯವೊಂದರ ಸಂಶೋಧಕರಿಗೆ ರಕ್ತ ಕೊಟ್ಟರು. 2003ರಲ್ಲಿ ಆ ಸಮುದಾಯದ ಮಹಿಳೆಯೊಬ್ಬರು ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌ಡಿ ಉಪನ್ಯಾಸ ಕೇಳಲು ಹೋಗಿ ಕೂತಾಗ ಗೊತ್ತಾಯಿತು: ಅದೇ ರಕ್ತವನ್ನು ತಮ್ಮ ಪೂರ್ವಜರು ಎಲ್ಲಿಂದ ವಲಸೆ ಬಂದರು ಎಂಬುದಕ್ಕೂ, ಮಾನಸಿಕ ಕಾಯಿಲೆಯ ಅಧ್ಯಯನಕ್ಕೂ ಬಳಸಿದ್ದಾರೆ, ತಮ್ಮನ್ನು ಕೇಳಿಯೇ ಇಲ್ಲ. ಕಾನೂನು ಹೋರಾಟ ನಡೆದು 2010ರಲ್ಲಿ ರಾಜಿಯಾಯಿತು. 41 ಜನರಿಗೆ ಒಟ್ಟು 7 ಲಕ್ಷ ಡಾಲರ್, ಜೊತೆಗೆ ರಕ್ತದ ಮಾದರಿಗಳು ವಾಪಸ್. ಶೀತಲ ಪೆಟ್ಟಿಗೆಯ ಬಾಗಿಲು ತೆರೆದಾಗ ಸಮುದಾಯದವರು ಎದುರು ನಿಂತು ತಮ್ಮ ಭಾಷೆಯಲ್ಲಿ ಹಾಡಿದರು, ಅತ್ತರು. ಆ ರಕ್ತ ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ತೀರಿಹೋಗಿದ್ದರು. ಹೇಳಿ, ಆ ಜನ ಮುಂದಿನ ವೈದ್ಯರಿಗೆ ಹೇಗೆ ತೋಳು ಚಾಚಬೇಕು?

ದಕ್ಷಿಣ ಆಫ್ರಿಕಾದ ಸಾನ್ ಎಂಬ ಮೂಲನಿವಾಸಿ ಜನ ಇದಕ್ಕೆ ತಾವೇ ಒಂದು ದಾರಿ ಮಾಡಿಕೊಂಡರು. ಹಸಿವೆ ಅಡಗಿಸುವ ಹೂಡಿಯಾ ಎಂಬ ಗಿಡದ ಗುಣ ಅವರಿಗೆ ತಲೆತಲಾಂತರದಿಂದ ಗೊತ್ತಿತ್ತು. ಅದರ ಪೇಟೆಂಟನ್ನು ಸರ್ಕಾರಿ ಸಂಶೋಧನಾ ಮಂಡಳಿ ಅವರನ್ನು ಕೇಳದೆ ಪಡೆದಿತ್ತು. ಹೋರಾಟದ ಫಲವಾಗಿ 2003ರಲ್ಲಿ ಲಾಭದ ಪಾಲಿನ ಒಪ್ಪಂದವೇನೋ ಆಯಿತು. ಆದರೆ ದೊಡ್ಡ ಕಂಪನಿಗಳು ಒಂದೊಂದಾಗಿ ಆ ಗಿಡದ ಮೇಲಿನ ಕೆಲಸವನ್ನು ಕೈಬಿಟ್ಟವು, ನಿರೀಕ್ಷಿಸಿದ ಹಣ ಬರಲಿಲ್ಲ. ಕೊನೆಯಲ್ಲಿ ಪಾಲು ಕೊಡುತ್ತೇವೆ ಎಂಬ ಮಾತನ್ನೇ ನ್ಯಾಯವೆಂದು ನಂಬಿ ಕೂರುವಂತಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 2017ರಲ್ಲಿ ಸಾನ್ ಸಮುದಾಯ ತನ್ನದೇ ಸಂಶೋಧನಾ ನೀತಿಸಂಹಿತೆ ಪ್ರಕಟಿಸಿತು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಕ್ರಮ ಎಂಬ ಐದು ತಲೆಬರಹ. ಒಳಗೆ ಸರಳವಾದ ಮಾತುಗಳು: ಪಂಡಿತರ ಭಾಷೆ ಬೇಡ, ಅರ್ಥವಾಗುವಂತೆ ಹೇಳಿ. ಕೊಟ್ಟ ಮಾತು ಉಳಿಸಿಕೊಳ್ಳಿ. ಮೊದಲು ನಮ್ಮ ಮಂಡಳಿಯ ಮುಂದೆ ಬನ್ನಿ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಬಾಗಿಲು ತೆರೆಸಿ, ಆದರೆ ಮೊದಲ ದಿನ ಅಲ್ಲ. ಮೊದಲ ದಿನ ಅವರನ್ನು ಕೂರಿಸಿ ಕೇಳಿ, ಈ ಪ್ರಶ್ನೆ ಯಾರದು, ಇದರಲ್ಲಿ ಒಂದನ್ನು ತೆಗೆದು ನಮ್ಮದೊಂದನ್ನು ಹಾಕಬಹುದೇ ಎಂದು. ‘ಆಗುವುದಿಲ್ಲ, ಮಂಜೂರಾಗಿ ಬಂದಿದೆ’ ಎಂದರೆ ಅದು ಸಾಮಾನ್ಯ ಸಮೀಕ್ಷೆ. ಸಮೀಕ್ಷೆಯೂ ಬೇಕಾದದ್ದೇ, ತಪ್ಪೇನಿಲ್ಲ, ಆದರೆ ಸಹಭಾಗಿತ್ವದ ಹೆಸರನ್ನು ಅದಕ್ಕೆ ಅಂಟಿಸಬೇಡಿ ಎಂದು ಹೇಳಿ. ಮಾಹಿತಿ ಯಾರ ಬಳಿ ಇರುತ್ತದೆ, ಒಂದು ಪ್ರತಿ ಇಲ್ಲಿ ಉಳಿಯುತ್ತದೆಯೇ, ಬೇರೆ ಕೆಲಸಕ್ಕೆ ಬಳಸುವ ಮುನ್ನ ಯಾರನ್ನು ಕೇಳುತ್ತೀರಿ ಎಂದು ಬರೆಸಿಕೊಳ್ಳಿ. ಕೆನಡಾದ ಮೂಲನಿವಾಸಿಗಳು 1998ರಿಂದಲೇ ಒಡೆತನ, ನಿಯಂತ್ರಣ, ಲಭ್ಯತೆ, ಸ್ವಾಧೀನ ಎಂಬ ನಾಲ್ಕು ಹಕ್ಕುಗಳನ್ನು ಮಾಹಿತಿಯ ಮೇಲೆ ಪ್ರತಿಪಾದಿಸುತ್ತಾ ಬಂದಿದ್ದಾರೆ. ನೀವು ಕೇಳುವುದು ಹೊಸ ಬೇಡಿಕೆಯಲ್ಲ. ನಿಮ್ಮ ದಿನಗಳಿಗೆ ಸಂಭಾವನೆ ಎಷ್ಟು ಎಂದೂ ಸಂಕೋಚವಿಲ್ಲದೆ ಕೇಳಿ. ಕೊನೆಯದಾಗಿ, ವರದಿ ಹಿಡಿದು ವಾಪಸ್ ಬರುವ ದಿನಕ್ಕೆ ಬಜೆಟ್‌ನಲ್ಲಿ ಹಣವಿದೆಯೇ ನೋಡಿ. ಇಲ್ಲದಿದ್ದರೆ ಅವರು ಬರುವುದಿಲ್ಲ. ಅವರು ಕೆಟ್ಟವರಾಗಿ ಅಲ್ಲ. ಪ್ರಬಂಧ ಪ್ರಕಟಿಸಿದವರಿಗೆ ಬಡ್ತಿ ಇದೆ, ಹೊಳೆ ದಾಟಿದ ಮೇಲೆ ಅಂಬಿಗನನ್ನು ನೆನೆದು ಹಿಂದಿರುಗಿದವರಿಗೆ ಇಲ್ಲ. ಈ ವ್ಯವಸ್ಥೆ ಬದಲಾಗಬೇಕಾದದ್ದು ವಿಶ್ವವಿದ್ಯಾಲಯಗಳಲ್ಲಿ ಮತ್ತು ಅನುದಾನ ಕೊಡುವವರಲ್ಲಿ. ಅವರಿಗೆ ಈ ಪುಟಗಳಲ್ಲಿ ಬೇರೆಯಾಗಿಯೇ ಬರೆಯುತ್ತೇನೆ.

ನಿಮ್ಮ ಕಡೆಯವರನ್ನೂ ಒಂದು ಮಾತು ಕೇಳಬೇಕು. ‘ಜನ’ ಎಂದಾಗ ಯಾರು ಮಾತಾಡುತ್ತಾರೆ? ಸಭೆಯಲ್ಲಿ ಗಟ್ಟಿ ದನಿಯವರು ಮುಂದೆ ಕೂರುತ್ತಾರೆ, ನೀರು ಹೊರುವವರು ಬಾಗಿಲ ಬಳಿ ನಿಂತಿರುತ್ತಾರೆ. ಸಂಶೋಧನೆ ಆ ಸಾಲನ್ನು ಹಾಗೇ ಬಿಟ್ಟರೆ ಹಳೆಯ ಅನ್ಯಾಯಕ್ಕೆ ಹೊಸ ಮೊಹರು ಒತ್ತಿದಂತೆ. ಮತ್ತೆ, ಈ ಕೂಡುಕೆಲಸ ಸದಾ ಸಿಹಿಯಾಗಿರುತ್ತದೆಂದೂ ಎಣಿಸಬೇಡಿ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಿಸಿದ ಮೇಲೆ ನಲ್ಲಿಗಳಲ್ಲಿ ಸೀಸ ಬರತೊಡಗಿತು. ಮರುವರ್ಷ ನಿವಾಸಿಗಳೇ ಬಾಟಲಿ ಹಿಡಿದು ಮಾದರಿ ಸಂಗ್ರಹಿಸಿದರು, ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿತು, ಮಕ್ಕಳ ವೈದ್ಯೆಯೊಬ್ಬರು ರಕ್ತದಲ್ಲಿ ಸೀಸ ಹೆಚ್ಚಿದ್ದನ್ನು ತೋರಿಸಿದರು, ಅಕ್ಟೋಬರಿನಲ್ಲಿ ಹಳೆಯ ನೀರಿನ ಮೂಲಕ್ಕೇ ಮರಳಬೇಕಾಯಿತು. ಅಂಥ ಗೆಲುವಿನ ನಂತರವೂ, ನೀರು ಈಗ ಸುರಕ್ಷಿತವೇ, ನಮ್ಮ ಪರವಾಗಿ ಮಾತಾಡುವವರು ಯಾರು ಎಂಬ ವಿಷಯದಲ್ಲಿ ಕೆಲವು ನಿವಾಸಿಗಳಿಗೂ ವಿಜ್ಞಾನಿಗಳಿಗೂ ದೊಡ್ಡ ಬಿರುಕು ಬಿತ್ತು. ಒಟ್ಟಿಗೆ ಕೆಲಸ ಮಾಡುವ ಮೊದಲೇ, ಒಮ್ಮತವಿಲ್ಲದಾಗ ಏನು ಮಾಡೋಣ ಎಂದು ಮಾತಾಡಿಕೊಂಡಿರುವುದು ಲೇಸು.

ನಿಮ್ಮ ನೀರಿನ ವಿಷಯಕ್ಕೆ ಬರುತ್ತೇನೆ. ಆ ತಂಡ ಕೊಟ್ಟ ಪರಿಚಯ ಪತ್ರವೋ ಒಪ್ಪಿಗೆ ಹಾಳೆಯೋ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದರ ಫೋಟೊ ಕಳಿಸಿ. ಒಪ್ಪಿಗೆ ಹಾಳೆಯಲ್ಲಿ ಸಾಮಾನ್ಯವಾಗಿ ಅಧ್ಯಯನದ ಹೆಸರು, ಮುಖ್ಯ ಸಂಶೋಧಕರ ಹೆಸರು, ಅಧ್ಯಯನಕ್ಕೆ ಅನುಮತಿ ಕೊಟ್ಟ ನೈತಿಕ ಸಮಿತಿಯ ವಿಳಾಸ ಇರುತ್ತವೆ. ಆ ಸಂಶೋಧಕರಿಗೂ ಸಮಿತಿಗೂ ಪತ್ರಿಕೆಯ ಕಡೆಯಿಂದ ಬರೆದು, ಫಲಿತಾಂಶದ ಪ್ರತಿ ಕೇಳುತ್ತೇವೆ. ಬಂದದ್ದನ್ನು ಮೊದಲು ನಿಮಗೆ ಕಳಿಸುತ್ತೇವೆ. ನೀವು ಆ ಮನೆಗಳವರನ್ನು ಕೂರಿಸಿಕೊಂಡು ಓದಿ, ಅವರು ಹೇಳಿದ್ದನ್ನು ಬರೆದು ಕಳಿಸಿದ ಮೇಲೆ ಎರಡನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ